ತಾನಾಗಿ ಒಡೆದ ಬಾಗಿಲು

ಫುಲ್‌ಶೀರ್, ಹ್ಯೂಸ್ಟನ್ ಹತ್ತಿರ
19 ಅಕ್ಟೋಬರ್ 2025, ರವಿವಾರ

ಪ್ರೀತಿಯ ತಮ್ಮ ಪ್ರಹ್ಲಾದನಿಗೆ ಅಕ್ಕನ ಆಶೀರ್ವಾದಗಳು.

2003ರ ಮೇ 14, ಬುಧವಾರ, ಮಧ್ಯಾಹ್ನ ಎರಡೂವರೆಗೆ ಹುಬ್ಬಳ್ಳಿಯ ಆ ಸೀರೆ ಅಂಗಡಿಯ ಗಾಜಿನ ಬಾಗಿಲು ಒಡೆಯಿತು. ಮೇ 22ರಂದು, ಆ ಗಾಜು ತಯಾರಿಸಿದ ಪ್ರಭಾಮಣಿ ಗ್ಲಾಸ್ ಕಂಪನಿಯವರು ಪತ್ರಿಕೆಯ ಮೂರನೇ ಪುಟದಲ್ಲಿ ಪ್ರಕಟಣೆ ಕೊಟ್ಟು, ಬಾಗಿಲು ಕೂಡಿಸಿದ ನಿನ್ನ ಹೆಸರನ್ನು ಬರೆದು, 'ಜೋಡಣೆಯ ಅಜಾಗರೂಕತೆಯೇ ಕಾರಣ' ಎಂದರು. ಈ ಎರಡು ತಾರೀಖುಗಳನ್ನು ನೀನು ಮರೆತಿರಬಹುದು, ಇಲ್ಲವೇ ಮರೆತವನಂತೆ ಇರಬಹುದು. ನಾನು ಮರೆತಿಲ್ಲ. ಈಗ ಮರೆಯುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಆ ಬಾಗಿಲು ಯಾಕೆ ಒಡೆಯಿತೆಂದು ನನಗೆ ಗೊತ್ತಾಗಿದೆ!

ತಡೆ, ಮೊದಲು ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ. ನಿನ್ನ ಬಲಮಂಡಿ ಹೇಗಿದೆ? ಬಿಪಿ ಗುಳಿಗೆಯನ್ನು ದಿನಾ ತೆಗೆದುಕೊಳ್ಳುತ್ತೀಯೋ, ಅಥವಾ ತಲೆ ತಿರುಗಿದ ದಿನ ಮಾತ್ರವೋ? ನಿನ್ನ ಮಗಳು ಐಶ್ವರ್ಯಾಳ ಪರೀಕ್ಷೆ ಮುಗಿಯಿತೇ? ಇಲ್ಲಿ ನಾವೆಲ್ಲ ಆರಾಮ. ನಾಳೆ ನರಕ ಚತುರ್ದಶಿ ಅಂತ ಮಗಳು ಸುಪ್ರಜಾ ಹಿತ್ತಾಳೆಯ ಚರಿಗೆಯೊಂದನ್ನು ಹುಡುಕಿ ತಂದಿದ್ದಾಳೆ. ಈ ಸಲ ಅಕ್ಕನ ತದಿಗೆಗೆ ನೀನು ನನ್ನ ಮನೆಗೆ ಬರುವಂತಿಲ್ಲ, ನಾನು ಆರತಿ ಎತ್ತುವಂತಿಲ್ಲ. ಅದರ ಬದಲು ಈ ಪತ್ರ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಆ ಬಾಗಿಲಿನ ಮಾತು ತೆಗೆದರೆ ಸಾಕು, ನೀನು "ಬಿಡು ಅಕ್ಕಾ, ಆಗಿ ಹೋಗೇದ" ಅಂತ ಫೋನ್ ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಅಳಿಯ ಅನಿರುದ್ಧನ ಸ್ನೇಹಿತರು ಬುಧವಾರ ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೊಂದು ಪುಸ್ತಿಕೆ ಇದೆ. ಅದನ್ನು ಈಗಲೇ ತೆರೆಯಬೇಡ, ನಾನು ಹೇಳುವವರೆಗೆ ತಾಳು.

ಸುಪ್ರಜಾಳ ಕೆಲಸ ನಿನಗೆ ಗೊತ್ತಲ್ಲ, ಎತ್ತರದ ಕಟ್ಟಡಗಳ ಗಾಜಿನ ಗೋಡೆಗಳನ್ನು ಪರೀಕ್ಷಿಸುವುದು. ಡಾಲಸ್‌ನಲ್ಲಿ ಗಾಜಿನ ಉದ್ಯಮದವರ ದೊಡ್ಡ ಮೇಳ, ಅವಳು ಹೋಗಲೇಬೇಕಿತ್ತು. "ನೀನೂ ಬಾ ಅಮ್ಮಾ, ಮನ್ಯಾಗ ಕೂತು ಏನು ಮಾಡ್ತಿ" ಎಂದಳು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವಳು ಬೇಡವೆನ್ನುತ್ತೇನೆಯೇ? ಡಾಲಸ್ ಪಕ್ಕದ ಮೆಕಿನ್ನಿಯಲ್ಲಿ ಅವಳ ಗೆಳತಿ ಗೋದಾವರಿಯ ಮನೆಯಲ್ಲಿ ಇಳಿದುಕೊಂಡೆವು. ಆಕೆ ಉಡುಪಿಯವಳು. ಎರಡೂ ದಿನ ನಮಗೆ ಡಬ್ಬಿ ಕಟ್ಟಿ ಕೊಟ್ಟಳು, ಸಾರಿಗೆ ಬೆಲ್ಲ ಒಂದು ಚೂರು ಹೆಚ್ಚು.

ಪ್ರಹ್ಲಾದಾ, ನೀನಿರಬೇಕಿತ್ತು ಅಲ್ಲಿ! ನಮ್ಮ ಕರ್ನಾಟಕ ಕಾಲೇಜಿನ ಮೈದಾನದಷ್ಟು ದೊಡ್ಡ ಸಭಾಂಗಣ, ಅದರ ತುಂಬ ಗಾಜು. ನೀನೂ ನಾಲ್ಕು ಹಮಾಲರೂ ಉಸಿರು ಬಿಗಿಹಿಡಿದು ಎತ್ತುತ್ತಿದ್ದಂಥ ಹಾಳೆಯನ್ನು ಒಂದು ಯಂತ್ರ ರಬ್ಬರಿನ ಬಟ್ಟಲುಗಳಿಂದ ಹೀರಿ ಹಿಡಿದು, ಹಪ್ಪಳದಂತೆ ತಿರುವಿ ಹಾಕುತ್ತದೆ. ಕತ್ತರಿಸುವ ಮೇಜಿನ ತೂತುಗಳಿಂದ ಗಾಳಿ ಬರುತ್ತದೆ, ಗಾಜು ಅದರ ಮೇಲೆ ತೇಲುತ್ತದೆ, ಒಂದೇ ಬೆರಳಿನಿಂದ ತಳ್ಳಬಹುದು. ನಾನು ತಳ್ಳಿ ನೋಡಿದೆ, ಅಲ್ಲಿದ್ದವರು ಬೇಡವೆನ್ನುವಷ್ಟರಲ್ಲಿ ಇನ್ನೊಮ್ಮೆ ತಳ್ಳಿದೆ. ಇನ್ನೊಂದು ಕಡೆ ಬಿರುಗಾಳಿಯನ್ನು ತಡೆದುಕೊಳ್ಳುವ ಕಿಟಕಿ. ನಮ್ಮ ಹ್ಯೂಸ್ಟನ್ ಕಡೆಗೆ ಇದು ಬೇಕೇಬೇಕು. ತೋಪಿನಿಂದ ಹಾರಿಸಿದಂತೆ ಮರದ ತೊಲೆಯನ್ನು ಅದರ ಮೇಲೆ ಹಾರಿಸುತ್ತಾರೆ. ಗಾಜು ಬಿರಿಯುತ್ತದೆ, ಬೀಳುವುದಿಲ್ಲ. ನಾನು ಚಪ್ಪಾಳೆ ತಟ್ಟಿದೆ. "ಅಮ್ಮಾ, ಇದು ಸರ್ಕಸ್ ಅಲ್ಲ" ಎಂದಳು ನಿನ್ನ ಸೋದರಸೊಸೆ.

ಮಧ್ಯಾಹ್ನ ಒಂದು ಚರ್ಚೆ ಇತ್ತು. ವಿಷಯ: ಗಾಜು ಕೂಡಿಸುವ ಕೆಲಸಕ್ಕೆ ಹೊಸಬರು ಯಾಕೆ ಬರುತ್ತಿಲ್ಲ? ವೇದಿಕೆಯ ಮೇಲೆ ನಾಲ್ವರು, ನಾಲ್ವರೂ ಕಾರ್ಖಾನೆಗಳ ಮಾಲೀಕರು. ಸಂಬಳ ಎಂದರು, ಮೊಬೈಲ್ ಎಂದರು, ಈಗಿನವರಿಗೆ ಮೈಬಗ್ಗುವುದಿಲ್ಲ ಎಂದರು. ಗಾಜು ಕೂಡಿಸಿದವನೊಬ್ಬನೂ ಆ ವೇದಿಕೆಯ ಮೇಲಿರಲಿಲ್ಲ. ಅವರು ಹಂಚಿದ್ದ ಚೀಲದಲ್ಲಿ ಒಂದು ವಾರಂಟಿ ಕಾಗದದ ಮಾದರಿ ಇತ್ತು. ಕೊನೆಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ: ಗಾಜು ತಾನಾಗಿ ಒಡೆದರೆ ಕಂಪನಿ ಜವಾಬ್ದಾರಿಯಲ್ಲ. ತಾನಾಗಿ ಒಡೆದರೆ! ಆ ಎರಡು ಪದ ಓದಿದ ಮೇಲೆ ನನ್ನ ಕೈ ತಾನಾಗಿ ಮೇಲೆದ್ದಿತು. ಎದ್ದು ನಿಂತು ಕೇಳಿದೆ: "ಗಾಜು ತಾನಾಗಿ ಒಡೆಯುತ್ತದೆ ಎಂದು ನಿಮಗೆ ಗೊತ್ತಿದೆ, ಇಲ್ಲಿ ಬರೆದೂ ಇದ್ದೀರಿ. ಹಾಗೆ ಒಡೆದಾಗ ಊರವರ ಮುಂದೆ ಯಾರ ಹೆಸರು ಕೆಡುತ್ತದೆ? ಕೂಡಿಸಿದವನದು. ಹೊಸಬರು ಯಾಕೆ ಬರಬೇಕು?" ನನ್ನ ಇಂಗ್ಲಿಷು ಕ್ಲಾಸಿನಲ್ಲಿ ಬೈಯುವ ಇಂಗ್ಲಿಷು, ಅದಕ್ಕೆ ಮೈಕು ಬೇಕಾಗಲಿಲ್ಲ. ಸುಪ್ರಜಾ "ಅಮ್ಮಾ, ಸಣ್ಣ ದನಿ ಮಾಡು, ಎಲ್ಲಾರೂ ನೋಡ್ಲಿಕ್ಕತ್ತಾರ" ಎಂದು ಸೆರಗು ಜಗ್ಗಿದಳು. ವೇದಿಕೆಯವರು ಒಳ್ಳೆಯ ಪ್ರಶ್ನೆ ಎಂದು ಹೊಗಳಿ ಮುಂದಿನವರ ಕಡೆ ತಿರುಗಿದರು. ಆದರೆ ಹಿಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಒಬ್ಬರೇ.

ಅವರು ವಾಲ್ಟರ್. ಆಸ್ಟಿನ್‌ನವರು, ಎಂಬತ್ತರ ಹತ್ತಿರದ ವಯಸ್ಸು. ಮೂವತ್ತು ವರ್ಷ ಗಾಜು ಕೂಡಿಸಿ, ಆಮೇಲೆ ಒಡೆದ ಗಾಜು ಯಾಕೆ ಒಡೆಯಿತೆಂದು ನೋಡುವುದನ್ನೇ ಕೆಲಸ ಮಾಡಿಕೊಂಡವರು. ಅವರ ಹೆಬ್ಬೆರಳಿನ ಬುಡದಲ್ಲಿ ನಿನಗಿರುವಂಥದೇ ಗಾಯದ ಗೆರೆ ಇದೆ. ಚರ್ಚೆ ಮುಗಿದ ಮೇಲೆ ನನ್ನ ಹತ್ತಿರ ಬಂದು, ಚೀಲದಿಂದ ಒಂದು ಫೋಟೊ ತೆಗೆದು ನನ್ನ ಮುಂದೆ ಹಿಡಿದರು.

ಕಾಯಿಸಿ ಗಟ್ಟಿ ಮಾಡಿದ ಗಾಜು ಒಡೆದರೆ ಕಲ್ಲುಸಕ್ಕರೆಯಂಥ ಹರಳುಗಳಾಗಿ ಉದುರುತ್ತದೆ, ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಬಿರುಕು ಎಲ್ಲಿಂದ ಶುರುವಾಯಿತೋ ಅಲ್ಲಿ ಎರಡು ತುಂಡು ಮಾತ್ರ ಉಳಿದವಕ್ಕಿಂತ ದೊಡ್ಡವಾಗಿ, ಒಂದಕ್ಕೊಂದು ಅಂಟಿಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಇರುತ್ತವಂತೆ. ಆ ಎರಡು ರೆಕ್ಕೆ ಕೂಡುವ ಗೆರೆಯ ಮೇಲೆ ಒಂದು ಕರಿಚುಕ್ಕೆ. ಫೋಟೊದಲ್ಲಿ ಅದೇ ಇತ್ತು. ಅವರ ಕೈಯಿಂದ ಅದನ್ನು ಕಸಿದುಕೊಂಡು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದೆ. ಯಾಕೆಂದು ನಿನಗೆ ಹೇಳಬೇಕೇ? ಬಾಗಿಲು ಒಡೆದ ಸಂಜೆ ನೀನು ನಮ್ಮ ಮನೆಗೆ ಬಂದು, ಕರವಸ್ತ್ರ ಬಿಚ್ಚಿ, "ಅಕ್ಕಾ, ಇವೆರಡು ಬ್ಯಾರೇನೇ ಅವ ನೋಡು. ನಡುವ ಏನೋ ಕರೇ ಚುಕ್ಕಿ ಅದ" ಎಂದಿದ್ದೆ. ನಾನು ಕನ್ನಡಕ ಕೂಡ ಹಾಕಿಕೊಳ್ಳದೆ, "ಎಣ್ಣಿ ಹೊಲಸು ಇರಬೇಕು. ಒಡದ ಗಾಜು ಮನ್ಯಾಗ ಇಡಬಾರದು, ದೀಪ ಹಚ್ಚೂದರಾಗ ಚೆಲ್ಲಿಬಿಡು" ಎಂದೆ. ಮಕ್ಕಳಿಗೆ ಸೂಕ್ಷ್ಮದರ್ಶಕ ತೋರಿಸಿ ಪಾಠ ಮಾಡುವವಳು ನಾನು! ನೀನು ಆ ಪೊಟ್ಟಣವನ್ನು ನನ್ನ ಕೈಗೇ ಕೊಟ್ಟು ಹೋದೆ.

ಆ ಚುಕ್ಕೆ ಎಣ್ಣೆಯಲ್ಲ, ಪ್ರಹ್ಲಾದಾ. ಗಾಜು ಕರಗಿಸುವಾಗ ಸೇರಿಕೊಂಡ ನಿಕ್ಕಲ್ಲಿನ ಕಲ್ಮಷ, ರಾಗಿ ಕಾಳಿಗಿಂತಲೂ ಎಷ್ಟೋ ಪಾಲು ಸಣ್ಣದು. ಗಾಜನ್ನು ಕಾಯಿಸಿ ಥಟ್ಟನೆ ತಣಿಸಿದಾಗ ಅದು ಒಳಗೆ ಅಡಗಿ ಕೂರುತ್ತದೆ. ಆಮೇಲೆ ನಿಧಾನವಾಗಿ ಉಬ್ಬುತ್ತದೆ, ಹತ್ತು ದಿನವಾಗಬಹುದು, ಹತ್ತು ವರ್ಷವಾಗಬಹುದು. ಒಂದು ದಿನ ಯಾರೂ ಮುಟ್ಟದೆಯೇ ಇಡೀ ಹಾಳೆ ಸಿಡಿಯುತ್ತದೆ. ಹೂ ಮಾರುವ ಕಾಶವ್ವ ಎದುರಿನ ಕಟ್ಟೆಯ ಮೇಲಿಂದ ಅವತ್ತು ಕೂಗಿ ಹೇಳಿದ್ದು ಇದನ್ನೇ ಅಲ್ಲವೇ? "ಯಾರೂ ಮುಟ್ಟಿಲ್ರೀ ಯಪ್ಪಾ, ತಂತಾನ ಸಿಡದೈತಿ! ನಾ ಇಲ್ಲೇ ಕುಂತೇನಿ, ನನಗೇನ್ ಕಣ್ಣಿಲ್ಲೇನು?" ಆಕೆಯ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಈ ರೋಗ ಗಾಜು ಮಾಡುವವರಿಗೆ ಅರವತ್ತು ವರ್ಷಗಳಿಂದ ಗೊತ್ತಂತೆ. ಮದ್ದೂ ಇದೆ: ಕಾರ್ಖಾನೆಯಲ್ಲೇ ಇನ್ನೊಮ್ಮೆ ಕೆಲವು ಗಂಟೆ ಕಾಯಿಸಿಟ್ಟರೆ, ಒಡೆಯುವಂಥವು ಬಹುಮಟ್ಟಿಗೆ ಅಲ್ಲೇ ಒಡೆದುಹೋಗುತ್ತವೆ. ಇದಕ್ಕೆ ಹೀಟ್ ಸೋಕ್ ಎನ್ನುತ್ತಾರೆ.

ಎರಡನೇ ದಿನ ಇನ್ನೂ ದೊಡ್ಡದು ಕಾದಿತ್ತು. ಭಾರತದ ಮಳಿಗೆಗಳ ಸಾಲಿನಲ್ಲಿ, ಚಿನ್ನದ ಬಣ್ಣದ ಅಕ್ಷರಗಳಲ್ಲಿ, ಪ್ರಭಾಮಣಿ ಗ್ಲಾಸ್! ಸುಪ್ರಜಾ ನನ್ನ ಮುಖ ನೋಡಿ ತೋಳು ಹಿಡಿದಳು, ಅಷ್ಟರಲ್ಲಿ ನಾನು ಒಳಗಿದ್ದೆ. ಮಳಿಗೆಯಲ್ಲಿದ್ದವನು ದರ್ಶನ್ ಎಂಬ ಮೈಸೂರಿನವನು, ಕನ್ನಡ ಕೇಳಿ ಅರಳಿಬಿಟ್ಟ. "ಬನ್ನಿ ಆಂಟಿ, ಕೂತ್ಕೊಳಿ, ಬಾದಾಮಿ ಹಾಲು ಇದೆ" ಎಂದ. ನೀವು ಹೀಟ್ ಸೋಕ್ ಮಾಡುತ್ತೀರೇನಪ್ಪಾ ಎಂದೆ. "ಪ್ರತಿಯೊಂದು ಶೀಟೂ ಆಂಟಿ! ನಮ್ಮ ಕಡೆ ಫಸ್ಟ್ ಶುರು ಮಾಡಿದ್ದೇ ನಾವು, ಟೂ ಥೌಸಂಡ್ ಫೋರಲ್ಲಿ." ಯಾಕೆ ಶುರು ಮಾಡಿದಿರಿ ಎಂದೆ. ಪಾಪ, ಹೆಮ್ಮೆಯಿಂದ ಪುಸ್ತಿಕೆ ತೆಗೆದು ಪುಟವನ್ನೂ ತೋರಿಸಿದ.

ಈಗ ತೆಗೆ ಪ್ರಹ್ಲಾದಾ, ಹನ್ನೊಂದನೇ ಪುಟ. ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ಇಂಗ್ಲಿಷಿನಲ್ಲಿದೆ, ಅರ್ಥ ಇಷ್ಟು: '2003ರ ಬೇಸಿಗೆಯಲ್ಲಿ ನಮ್ಮ ಒಂದು ಬ್ಯಾಚಿನ ಬಾಗಿಲುಗಳು ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರಗಳಲ್ಲಿ ತಾವಾಗಿ ಒಡೆದವು. ಗಾಜಿನಲ್ಲಿ ನಿಕ್ಕಲ್ ಕಲ್ಮಷವಿತ್ತು. ಗುಣಮಟ್ಟದಲ್ಲಿ ರಾಜಿಯಿಲ್ಲದ ನಾವು ಮರುವರ್ಷವೇ ಹೀಟ್ ಸೋಕ್‌ಗೆಂದು ಹೊಸ ಕುಲುಮೆ ಹಾಕಿದೆವು.'

ಹುಬ್ಬಳ್ಳಿ ಎಂದು ಅಚ್ಚಾಗಿದೆ, ನೋಡಿದೆಯಾ? ಹುಬ್ಬಳ್ಳಿಯಲ್ಲಿ ನಿನ್ನ ತಪ್ಪು, ಡಾಲಸ್‌ನಲ್ಲಿ ಅವರ ಸಾಧನೆ! ನಾನು ಆ ವಾಕ್ಯಗಳನ್ನು ಗಟ್ಟಿಯಾಗಿ ಓದಿ, 22ರ ಪ್ರಕಟಣೆಯನ್ನು ಬಾಯಿಪಾಠ ಒಪ್ಪಿಸಿದೆ. ದರ್ಶನನ ಮುಖ ಇಳಿದುಹೋಯಿತು. "ಆಂಟಿ, ನಾನಾಗ ಎಲ್‌ಕೆಜಿಲಿದ್ದೆ, ನನ್ನ ಮೇಲೆ ಕೋಪ ಮಾಡ್ಕೋಬೇಡಿ" ಎಂದ. ನಿನ್ನ ಮೇಲಲ್ಲ ಮಗನೇ ಎಂದೆ, ಬಾದಾಮಿ ಹಾಲನ್ನೂ ಕುಡಿದೆ. ಅವನು ಆಚೀಚೆ ನೋಡಿ ಇನ್ನೊಂದು ಪ್ರತಿಯನ್ನು ನನ್ನ ಚೀಲಕ್ಕೆ ತಾನೇ ಹಾಕಿದ. ಒಂದು ನಿನಗೆ, ಒಂದು ನನಗೆ.

ಮರುದಿನ ಆಸ್ಟಿನ್ ಮೇಲೆ ಹಾದು ಬಂದೆವು. ಅಲ್ಲಿಯ ದ ಡೊಮೇನ್ ಎಂಬ ಬಡಾವಣೆಯಲ್ಲಿ ಅನಿರುದ್ಧನಿಗೆ ಆಫೀಸ್ ಮೀಟಿಂಗ್ ಇತ್ತು, ಅವನು ಸಂಜೆ ನಮ್ಮ ಕಾರಿನಲ್ಲೇ ವಾಪಸ್ ಬರುವವನಿದ್ದ. ಅಷ್ಟರೊಳಗೆ ನಾವು ವಾಲ್ಟರ್ ಮನೆಗೆ ಹೋದೆವು. ಅವರ ಗ್ಯಾರೇಜಿನಲ್ಲಿ ಕಾರಿಲ್ಲ, ಬರೀ ಡಬ್ಬಿಗಳು, ಒಂದೊಂದರಲ್ಲಿ ಒಂದೊಂದು ಚಿಟ್ಟೆ. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಆ ಚುಕ್ಕೆ ಒರಟಾದ ಪುಟ್ಟ ಉಂಡೆ, ಸುಟ್ಟ ಹಿತ್ತಾಳೆಯ ಬಣ್ಣ. ಏಟು ಬಿದ್ದು ಒಡೆದ ಗಾಜಿನ ತುಂಡನ್ನೂ ಪಕ್ಕದಲ್ಲಿಟ್ಟು ತೋರಿಸಿದರು, ಅದರಲ್ಲಿ ಉಂಡೆ ಇರುವುದಿಲ್ಲ, ಜಜ್ಜಿದ ಗುರುತಿರುತ್ತದೆ. ಎರಡನ್ನೂ ನೋಡಿದವರು ಮೋಸ ಹೋಗುವುದು ಸಾಧ್ಯವಿಲ್ಲ. ಪುಸ್ತಿಕೆ ನೋಡಿ ವಾಲ್ಟರ್ ಹೇಳಿದ್ದು: ನಿಮ್ಮ ತಮ್ಮನ ಬಾಗಿಲು ಆ ಬ್ಯಾಚಿನದಲ್ಲ ಎಂದು ಅವರು ನಾಳೆ ಹೇಳಬಹುದು, ಕಾಗದದ ಜೊತೆ ವಾದ ಮಾಡಬಹುದು, ಗಾಜಿನ ಜೊತೆ ಆಗುವುದಿಲ್ಲ, ಆ ಎರಡು ತುಂಡು ಇದ್ದಿದ್ದರೆ ನಾನೇ ನೋಡಿ ಬರೆದುಕೊಡುತ್ತಿದ್ದೆ.

ದಾರಿಯುದ್ದಕ್ಕೂ ಕಾರಿನ ಕಿಟಕಿಯ ಗಾಜನ್ನೇ ನೋಡುತ್ತ ಬಂದೆ. ನಾನು ಮಾತಾಡದಿದ್ದರೆ ಜ್ವರವೆಂದು ತಿಳಿಯುವ ಮನೆ ಇದು, ಮನೆ ಸೇರಿದ ಮೇಲೆ ಮೊಮ್ಮಗಳು ಇಶಾ ಹಣೆ ಮುಟ್ಟಿ ನೋಡಿ "ಅಜ್ಜಿ, ಆರ್ ಯು ಓಕೆ?" ಎಂದಳು. ನಾನು ನಿನ್ನ ಅಂಗಡಿಯನ್ನು ನೆನೆಯುತ್ತಿದ್ದೆ. ದೊಡ್ಡ ದೊಡ್ಡ ಅಂಗಡಿಗಳ ಮುಖಕ್ಕೆ ಗಾಜು ಹಾಕುತ್ತಿದ್ದವನು ಇಪ್ಪತ್ತೆರಡು ವರ್ಷಗಳಿಂದ ದೇವರ ಪಟಗಳಿಗೂ ಮದುವೆಯ ಫೋಟೊಗಳಿಗೂ ಕಟ್ಟು ಹಾಕುತ್ತ ಕುಳಿತಿದ್ದೀ. 'ಒಡಕ ಪ್ರಹ್ಲಾದ' ಎಂದು ಮಾರ್ಕೆಟ್ಟಿನವರು ಕರೆದರೆ ನೀನೂ ನಗುತ್ತೀ. ಇನ್ನು ನಗಬೇಡ. ಪತ್ರಿಕೆಗೆ ನಾನೊಂದು ಪತ್ರ ಬರೆದಿಟ್ಟಿದ್ದೇನೆ, ಎರಡು ತಾರೀಖು, ಹನ್ನೊಂದನೇ ಪುಟ, ಕಾಶವ್ವನ ಮಾತು, ಎಲ್ಲ ಅದರಲ್ಲಿದೆ. ನೀನು ಹೂಂ ಎಂದರೆ ಕಳಿಸುತ್ತೇನೆ. ಈ ಸಲ ನಿನ್ನನ್ನು ಕೇಳದೆ ಏನೂ ಮಾಡುವುದಿಲ್ಲ.

ಐಶ್ವರ್ಯಾಳಿಗೆ ನನ್ನ ಮುದ್ದು. ಕಾಶವ್ವನ ಹತ್ತಿರ ಒಂದು ಮೊಳ ಹೂ ಹೆಚ್ಚಿಗೆ ಕೊಂಡು, ನೀ ಹೇಳಿದ್ದೇ ಖರೆ ಅಂತ ಅಮೆರಿಕಾದಾಗೂ ಒಪ್ಪಿದರು ಎಂದು ಹೇಳು. ನಿನಗೆ ಆಯುಷ್ಯ, ಮಂಡಿಗೆ ಬಲ, ನಾಲಿಗೆಗೆ ಸ್ವಲ್ಪ ಖಾರ ಬರಲಿ ಎಂದು ಹರಸುವ,

ನಿನ್ನ ಅಕ್ಕ
ಅನುಸೂಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ಪೊಟ್ಟಣವನ್ನು ನಾನು ಚೆಲ್ಲಲಿಲ್ಲ. ಸಪ್ತಾಪುರದ ನನ್ನ ಮನೆಯ ಕೀಲಿ ನಿನ್ನ ಹತ್ತಿರವೇ ಇದೆ. ಹೊಲಿಗೆ ಯಂತ್ರದ ಎಡಗಡೆಯ ಡ್ರಾದಲ್ಲಿ ಗುಂಡಿಗಳ ಡಬ್ಬಿ, ಅದರ ತಳದಲ್ಲಿ ನಿನ್ನ ಕರವಸ್ತ್ರ. ತುಂಡುಗಳನ್ನು ತೊಳೆಯಬೇಡ, ಬಿಡಿಸಬೇಡ. ಐಶ್ವರ್ಯಾಳಿಂದ ಫೋಟೊ ತೆಗೆಸಿ, ಹತ್ತಿಯಲ್ಲಿ ಸುತ್ತಿ ಇಡು. ಕಾಲೇಜಿನ ಪ್ರಯೋಗಶಾಲೆಯಲ್ಲಿ ತೋರಿಸಬೇಕೆಂದೇ ಅವನ್ನು ಎತ್ತಿಟ್ಟಿದ್ದೆ. ತೋರಿಸಲಿಲ್ಲ. ಕೂಡಿಸುವಾಗ ನೀನೇ ಗಾಜಿಗೆ ಬಡಿದಿದ್ದೀ ಎಂದು ಅವರು ಹೇಳಿಬಿಟ್ಟರೆ ಎಂಬ ಹೆದರಿಕೆ. ಅಂದರೆ ನಾನೂ ನಿನ್ನನ್ನು ನಂಬಿರಲಿಲ್ಲ. ನಂಬದೆಯೇ, ಆ ಪ್ರಕಟಣೆ ಬಂದ ಮೇಲೆ, ನಾಲ್ಕು ಜನರ ಮುಂದೆ ನಿನ್ನ ಕೈಗೆ ಪೆನ್ನು ಕೊಟ್ಟು, ಸೀರೆ ಅಂಗಡಿಯವರಿಗೆ ಬರೆದ ಕ್ಷಮಾಪಣೆಗೆ ಸಹಿ ಹಾಕಿಸಿದೆ. ಪ್ರಭಾಮಣಿಯವರು ಅದೇ ಪತ್ರಿಕೆಯ ಅದೇ ಮೂರನೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರಗಳಲ್ಲಿ, ನಿನ್ನ ಹೆಸರು ಬರೆದು, ಆ ಬಾಗಿಲು ಯಾಕೆ ಒಡೆಯಿತೆಂದು ಊರಿಗೆ ಹೇಳಲಿ. ಆ ಡ್ರಾವನ್ನು ಇಪ್ಪತ್ತೆರಡು ವರ್ಷ ಯಾಕೆ ತೆರೆಯಲಿಲ್ಲ ಎಂದು ನೀನು ನನ್ನನ್ನು ಕೇಳು, ಪ್ರಹ್ಲಾದಾ. ಫೋನಿನಲ್ಲಿ ಬೇಡ. ಅವತ್ತಿನಂತೆ ನಾಲ್ಕು ಜನರನ್ನು ಕೂಡಿಸಿ, ಅವರ ಮುಂದೆ ಕೇಳು.