ಕೂಲಿಗೆ ತಂದ ಚಪ್ಪಾಳೆ

ಗುರುಗಳಾದ ಸೆಪ್ಟುಮಿಯಸ್ ಅವರಿಗೆ ಶಿಷ್ಯ ಹಿಲಾರಸ್ ಮಾಡುವ ನಮಸ್ಕಾರಗಳು.

ನೀವು ಕ್ಷೇಮವಾಗಿದ್ದರೆ ನಾನೂ ಕ್ಷೇಮ ಎಂದು ಪತ್ರ ಶುರುಮಾಡುವುದು ರೋಮಿನ ವಾಡಿಕೆ. ನೀವು ಮುನಿಸಿಕೊಂಡಿರುವಾಗ ನನಗೆಲ್ಲಿಯ ಕ್ಷೇಮ?

ಹೋದ ವಾರ ನಿಮ್ಮ ಕಾವ್ಯವಾಚನಕ್ಕೆ ಚಪ್ಪಾಳೆ ತಟ್ಟಲು ಎಂಟು ಜನರನ್ನು ಕೂಲಿಗೆ ತಂದು ಕೂರಿಸಿದವನು ನಾನೇ. ಊರಿನ ಕವಿಗಳೆಲ್ಲ ಮಾಡುವುದೇ ಅದು. ಹರಾಜು ಕೂಗಿ ಮೇಲೆ ಬಂದವನು ನಾನು. ಗುಂಪಿನಲ್ಲಿ ನಮ್ಮವನೊಬ್ಬ ಮೊದಲ ಬೆಲೆ ಕೂಗದಿದ್ದರೆ ಹಳೇ ಮಡಕೆಯೂ ಮಾರಾಟವಾಗದು ಎಂದು ಬಲ್ಲೆ. ನಿಮ್ಮ ಸಾಲುಗಳಿಗೆ ಅದು ಬೇಕಿಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ. ನಿಮ್ಮ ಕಾವ್ಯದ ಮುದುಕಿ ಮೇಕೆಯನ್ನು ಹೆಗಲಿಗೇರಿಸಿ ಟೈಬರ್ ನದಿಯ ನೆರೆಗೆ ಇಳಿದಾಗ ಇಡೀ ಸಭೆ ಉಸಿರು ಬಿಗಿಹಿಡಿದಿತ್ತು. ನಾನು ತಂದ ಆ ಕೂಲಿ ಕತ್ತೆಗಳು ಆಗಲೇ ಚಪ್ಪಾಳೆ ತಟ್ಟಿದವು. "ಕೈಗೆ ಕೂಲಿ ಕೊಟ್ಯಲ್ಲೋ ಹಿಲಾರಸ್, ಕಿವಿಗೂ ಕೊಟ್ಟಿದ್ದೀಯಾ?" ಎಂದು ನೀವು ಕಾವ್ಯದ ಸುರುಳಿ ಸುತ್ತಿಕೊಂಡು ಹೊರಟೇಬಿಟ್ಟಿರಿ. ಇನ್ನೆಂದೂ ಓದುವುದಿಲ್ಲ ಎಂದಿರಂತೆ.

ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಆದರೆ ಅಂದು ಬಾಗಿಲ ಬಳಿ ನಿಂತು ಕೇಳುತ್ತಿದ್ದ ಕಡಲೆ ಮಾರುವ ಮಾಟಿಡಿಯಾ ನನ್ನನ್ನು ದಿನಾ ಅಡ್ಡಗಟ್ಟುತ್ತಾಳೆ. ಅವಳನ್ನು ನಾನು ಕರೆಸಿದ್ದಲ್ಲ.

"ಲೋ ಬಾಯಿಬಡುಕ, ನಿಮ್ಮ ಮೇಷ್ಟ್ರು ಆ ಮುದುಕೀನ ನಡುನೀರಲ್ಲಿ ಬಿಟ್ಟು ಹೋದ್ರಲ್ಲ, ದಾಟಿದ್ಲೋ ಇಲ್ವೋ?"

ನಾನೇ ಏನೋ ಹೊಸೆದು ದಾಟಿಸಿದೆ. ಪೂರ್ತಿ ಕೇಳಿ, "ಇದು ನಿನ್ನ ಮಾತು ಕಣೋ, ಅವರದ್ದಲ್ಲ" ಎಂದಳು.

ನಾಳೆ ಬೆಳಿಗ್ಗೆ ಅವಳನ್ನು ನಿಮ್ಮ ಮನೆಗೆ ಕಳಿಸುತ್ತೇನೆ. ಅವಳೊಬ್ಬಳಿಗಾದರೂ ಓದಿ. ನಾನು ಬೀದಿಯಲ್ಲೇ ನಿಂತಿರುತ್ತೇನೆ, ಕಿಟಕಿಯೊಂದನ್ನು ಮಾತ್ರ ಮುಚ್ಚಬೇಡಿ.

ಇತಿ,
ನಿಮ್ಮ ಹಿಲಾರಸ್