ಹಮ್ಮಾಮಿನ ಬಾಗಿಲಿಗೆ ಬೀಗ, ವೃತ್ತದ ಹುಲ್ಲಿಗೆ ನೀರು

ಮಾನ್ಯ ಪ್ರಾಂತ್ಯಾಧಿಕಾರಿಗಳೇ,

ನಮ್ಮ ಕೇರಿಯ ಹಮ್ಮಾಮಿಗೆ ತಾವು ಸೋಮವಾರದಿಂದ ಬುಧವಾರದವರೆಗೆ ಬೀಗ ಹಾಕಿಸಿದ್ದೀರಿ. ಮಳೆಯಿಲ್ಲ, ಅಣೆಕಟ್ಟು ಬತ್ತಿದೆ, ಭೂಮಿಯೇ ಬಿಸಿಯೇರುತ್ತಿದೆ, ಆದ್ದರಿಂದ ಸಾರ್ವಜನಿಕ ಸ್ನಾನಗೃಹಗಳು ವಾರದಲ್ಲಿ ಮೂರು ದಿನ ಮುಚ್ಚಿರತಕ್ಕದ್ದು ಎಂಬ ಆದೇಶವನ್ನು ತಮ್ಮ ಕಚೇರಿಯ ಗೋಡೆಯ ಮೇಲೆಯೇ ಓದಿದೆ. ಓದಿ ಹಿಂದಕ್ಕೆ ತಿರುಗಿ ನೋಡಿದರೆ ಎದುರಿನ ವೃತ್ತದಲ್ಲಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಹುಲ್ಲಿಗೆ ನೀರು ಚಿಮ್ಮುತ್ತಿತ್ತು. ಹುಲ್ಲು ಮೀಯಬಹುದು, ಹೆಂಗಸರು ಮೀಯಬಾರದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ ಅಲ್ಲವೇ?

ಒಳಗೆ ಹೋಗಿ ತಮ್ಮ ಗುಮಾಸ್ತರನ್ನು ವಿಚಾರಿಸಿದೆ. ಸಭ್ಯ ಮನುಷ್ಯ, ಕುರ್ಚಿ ಕೊಟ್ಟ. "ಅಕ್ಕಾ, ಮೂರು ದಿನ ಸ್ನಾನ ಮಾಡ್ದಿದ್ರೆ ಪ್ರಪಂಚ ಮುಳುಗಿಹೋಗುತ್ತಾ?" ಎಂದ. "ಮಾಡಿದ್ರೆ ಮುಳುಗುತ್ತೆ ಅಂತ ಗೋಡೆ ಮೇಲೆ ಬರೆದೋರು ನೀವೇ ತಾನೆ?" ಎಂದೆ. ಪಾಪ, ಅವನು ಚಹಾ ತರಿಸಿದ.

ತಪ್ಪು ತಿಳಿಯಬೇಡಿ. ಹವಾಮಾನ ಬದಲಾಗಿಲ್ಲವೆಂದು ಹಟ ಹಿಡಿಯುವವಳಲ್ಲ ನಾನು. ಮಕ್ಕಳಿಗೆ ಭೂಗೋಳ ಹೇಳಿಕೊಟ್ಟೇ ಕೂದಲು ಬೆಳ್ಳಗಾದವಳು. ಅಟ್ಲಸ್ ಬೆಟ್ಟದ ಹಿಮ ಹಿಂದೆಲ್ಲ ಬಾರ್ಲಿ ತೆನೆ ಕಟ್ಟುವವರೆಗೂ ನಿಲ್ಲುತ್ತಿತ್ತು. ಈಗ ಜಗಳಗಂಟಿ ನೆಂಟರ ಮನೆಗೆ ಬಂದವರ ಹಾಗೆ ಮುಖ ತೋರಿಸಿ ಹೊರಟುಬಿಡುತ್ತದೆ. ಇದೆಲ್ಲ ದೇವರ ಮುನಿಸು ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಮನುಷ್ಯರು ಸುಟ್ಟ ಎಣ್ಣೆ, ಕಡಿದ ಕಾಡು, ಪಾತಾಳಕ್ಕೆ ಕೊರೆದ ಬಾವಿಗಳು, ಎಲ್ಲದರ ಫಲ ಇದು. ಅದರಲ್ಲಿ ನಮ್ಮ ಪಾಲು ಚಿಕ್ಕದು, ಆದರೆ ಇಲ್ಲವೇ ಇಲ್ಲ ಎನ್ನಲಾರೆ. ಹಮ್ಮಾಮಿನಲ್ಲಿ ಅತ್ತೆಯರ ಪುರಾಣ ಶುರುವಾದರೆ ಬಕೆಟ್ಟು ತುಂಬಿ ಹರಿದದ್ದು ನಮ್ಮ ಹೆಂಗಸರ ಗಮನಕ್ಕೇ ಬರುತ್ತಿರಲಿಲ್ಲ.

ಆದರೆ ತಮ್ಮ ಆದೇಶಕ್ಕೆ ಒಂದು ವರ್ಷ ಮುಂಚೆಯೇ ನಾವು ದಾರಿಗೆ ಬಂದಿದ್ದೆವು. ಒಬ್ಬೊಬ್ಬರಿಗೆ ಎರಡೇ ಬಕೆಟ್ಟು, ಉಳಿದದ್ದೆಲ್ಲ ಬಟ್ಟಲಿನ ಜಾಣತನ ಎಂದು ನಾವೇ ಕೂತು ತೀರ್ಮಾನಿಸಿದೆವು. ಹಮ್ಮಾಮಿನಲ್ಲಿ ಮೈ ಉಜ್ಜುವ ಕೆಲಸದ ಬತೂಲ್, ನೀರಿನ ನಲ್ಲಿಯ ಪಕ್ಕದಲ್ಲೇ ಮಣೆ ಹಾಕಿಕೊಂಡಳು. ಅವಳನ್ನು ದಾಟಿ ಮೂರನೆಯ ಬಕೆಟ್ಟು ತುಂಬಿಸುವುದು ಗಡಿ ದಾಟುವುದಕ್ಕಿಂತ ಕಷ್ಟ.

"ಏನಮ್ಮಾ, ಮೈ ತೊಳ್ಕೊಳ್ತೀಯೋ, ಒಂಟೆ ತೊಳೀತೀಯೋ?"

"ನನ್ನ ಕೂದ್ಲು ಉದ್ದ ಕಣೇ ಬತೂಲ್."

"ಕೂದ್ಲು ಉದ್ದ ಇದ್ರೆ ಮಾತು ಗಿಡ್ಡ ಮಾಡು. ನೀನು ಮಾತಾಡೋ ಹೊತ್ತಲ್ಲಿ ಎರಡು ಸಲ ತೊಳೀಬಹುದಿತ್ತು."

ಹಮ್ಮಾಮಿನ ಮಾಲೀಕ ಲಹ್ಸೆನ್ ಕೂಡ ಸೌದೆ ಬಿಟ್ಟು, ಗಾಣದಲ್ಲಿ ಮಿಕ್ಕುವ ಆಲಿವ್ ಹಿಂಡಿಯನ್ನು ಒಲೆಗೆ ಹಾಕತೊಡಗಿದ. ಒಂದೇ ಬೆಂಕಿ, ಇಡೀ ಕೇರಿಗೆ ಬಿಸಿನೀರು. ಇದಕ್ಕೆ ತಾವು ಶಾಲು ಹೊದಿಸಬೇಕಿತ್ತು. ಬೀಗ ಕಳಿಸಿದಿರಿ.

ಬೀಗದಿಂದ ಉಳಿದದ್ದಾದರೂ ಏನು? ಸೋಮವಾರ ಆರಿದ ಒಲೆಯ ಗೋಡೆ, ನೆಲ, ಕಲ್ಲು ಎಲ್ಲ ತಣ್ಣಗಾಗುತ್ತವೆ. ಗುರುವಾರ ಅವನ್ನು ಮತ್ತೆ ಕಾಯಿಸಲು ಲಹ್ಸೆನ್ ಹಿಂಡಿಯ ಜೊತೆಗೆ ಮರವನ್ನೂ ಉರಿಸುತ್ತಾನೆ. ಕಾದ ಹೆಂಚಿನ ಮೇಲೆ ಸಾಲಾಗಿ ರೊಟ್ಟಿ ಬೇಯಿಸುವುದು ಮಿತವ್ಯಯವೋ, ರೊಟ್ಟಿಗೊಂದು ಸಲ ಹೆಂಚು ಆರಿಸುವುದೋ? ತಮ್ಮ ಮನೆಯ ಅಡುಗೆಯವರನ್ನೇ ಕೇಳಿ. ಆ ಮೂರು ದಿನ ಕೇರಿಯ ಜನ ಮೀಯದೆ ಕೂರುವುದಿಲ್ಲ. ಮನೆಮನೆಯಲ್ಲೂ ಗ್ಯಾಸು ಹಚ್ಚುತ್ತಾರೆ, ನೀರು ಬಿಸಿಯಾಗುವವರೆಗೆ ತಣ್ಣೀರನ್ನು ಚರಂಡಿಗೆ ಬಿಡುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು.

ಬೀಗದ ಪಕ್ಕದಲ್ಲಿ ತಮ್ಮ ಇಲಾಖೆಯವರು ಒಂದು ಬಣ್ಣದ ಚಿತ್ರವನ್ನೂ ಅಂಟಿಸಿದ್ದಾರೆ: "ಭೂಮಿಗಾಗಿ ನಾನು ಏನು ಮಾಡಬಲ್ಲೆ?" ಅದರಲ್ಲಿ ಬಿಳಿ ತೊಟ್ಟಿಯೊಂದರಲ್ಲಿ ನೊರೆಯ ನಡುವೆ ಮಲಗಿರುವ ಮನುಷ್ಯ, ಅವನ ಮೇಲೊಂದು ಕೆಂಪು ಗೀಟು. ಸ್ವಾಮೀ, ನಮ್ಮ ಕೇರಿಯಲ್ಲಿ ಅಂಥ ತೊಟ್ಟಿ ಯಾರ ಮನೆಯಲ್ಲೂ ಇಲ್ಲ. ಅದನ್ನು ಬಿಟ್ಟುಬಿಡಬೇಕಾದರೆ ಮೊದಲು ತಾವೇ ಒಂದೊಂದು ಹಂಚಬೇಕಾದೀತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಾನು ಹೇಳುವುದಿಲ್ಲ. ಬತೂಲ್ ಹೇಳುತ್ತಾಳೆ.

ತಮಗೆ ನಮ್ಮ ಹಮ್ಮಾಮು ಗೊತ್ತಿಲ್ಲದ್ದೇನಲ್ಲ. ತಾವು ಇದೇ ಕೇರಿಯ ಮಗು. ತಮ್ಮ ತಾಯಿ ಹೆಂಗಸರ ಸರದಿಗೆ ತಮ್ಮನ್ನೂ ಎಳೆದುತರುತ್ತಿದ್ದರು, ಕಪ್ಪು ಸಾಬೂನು ಕಣ್ಣಿಗೆ ಬಿದ್ದರೆ ತಾವು ಗುಮ್ಮಟ ಹಾರಿಹೋಗುವಂತೆ ಅಳುತ್ತಿದ್ದಿರಿ. ವಯಸ್ಸು ಮೀರಿದರೂ ಬರುವುದು ನಿಲ್ಲದಾಗ ನನ್ನ ಅತ್ತೆ, "ಮುಂದಿನ ಸಲ ಇವನಪ್ಪನ್ನೂ ಕರ್ಕೊಂಡು ಬಾರಮ್ಮ, ಒಟ್ಟಿಗೇ ಆಗಿಹೋಗ್ಲಿ" ಎಂದು ಬಾಗಿಲಲ್ಲೇ ತಡೆದಿದ್ದರು. ಅದರ ಸೇಡನ್ನು ತಾವು ಈಗ ತೀರಿಸಿಕೊಳ್ಳುತ್ತಿಲ್ಲ ಎಂದೇ ನಂಬುತ್ತೇನೆ.

ಈಗ ನಗು ಬಿಟ್ಟು ಒಂದು ಮಾತು. ನಮ್ಮ ಮೇಲ್ಮಹಡಿಯ ಯಾಮ್ನಾಳಿಗೆ ಸಂಧಿವಾತ. ಪ್ರತಿ ಮಂಗಳವಾರ ಹಮ್ಮಾಮಿನ ಬಿಸಿ ಕಲ್ಲಿನ ಮೇಲೆ ಮಲಗಿ ಎದ್ದರೆ ವಾರವಿಡೀ ಮೊಣಕಾಲು ಮಡಚುತ್ತಿತ್ತು. ಜನವರಿಯ ಒಂದು ಮಂಗಳವಾರ, ಹಮ್ಮಾಮು ಮುಚ್ಚಿದ್ದರಿಂದ, ನೋವು ತಾಳಲಾರದೆ ಮನೆಯ ಪುಟ್ಟ ಬಚ್ಚಲಲ್ಲೇ ಮೀಯಲು ಹೋದಳು. ಚಳಿಗಾಳಿ ಬಾರದಿರಲೆಂದು ಬಾಗಿಲ ಸಂದಿಗೆ ಬಟ್ಟೆ ತುರುಕಿ, ಚಿಲಕ ಹಾಕಿ, ಗ್ಯಾಸಿನ ಹೀಟರು ಹಚ್ಚಿದಳು. ಮಗಳು ಸಿಹಾಮ್ ಕೂಗಿದರೆ ಉತ್ತರವಿಲ್ಲ. ನಾವು ಬಾಗಿಲು ಒಡೆದು ಒಳಗೆ ಹೋದಾಗ ಯಾಮ್ನಾ ನೆಲದ ಮೇಲಿದ್ದಳು, ಪ್ರಜ್ಞೆ ಇರಲಿಲ್ಲ. ಅಂಗಳಕ್ಕೆ ಎಳೆದುತಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆನ್ನೆ ತಟ್ಟಿ ತಟ್ಟಿ ಹೆಸರು ಹಿಡಿದು ಕೂಗಿದೆ. ಹೀಟರಿನ ವಿಷಗಾಳಿ ಎಂದರು ಆಸ್ಪತ್ರೆಯಲ್ಲಿ. ಬದುಕಿದಳು. ಹೀಟರಿನ ದೋಷವನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಆ ಮಂಗಳವಾರ ಅವಳನ್ನು ಆ ಬಚ್ಚಲಿಗೆ ಕಳಿಸಿದ್ದು ತಮ್ಮ ಬೀಗ.

ಮನೆಗೆ ಬಂದ ಮೇಲೆ ಅವಳು ಹೇಳಿದ್ದು ಇಷ್ಟು: "ಅಲ್ಲಿ ನಾಲ್ಕು ಜನರ ಮಧ್ಯ ಮೀತಿದ್ದೆ ಕಣೇ. ಬಿದ್ರೆ ಎತ್ತೋರಿದ್ರು."

ನನ್ನ ಬೇಡಿಕೆ ದೊಡ್ಡದಲ್ಲ. ದಿನಗಳನ್ನು ಅಳೆಯುವುದು ಬಿಡಿ, ಬಕೆಟ್ಟುಗಳನ್ನು ಅಳೆಯಿರಿ. ವಾರವಿಡೀ ಹಮ್ಮಾಮು ತೆರೆಯಲಿ, ತಲೆಗೆ ಎರಡೇ ಬಕೆಟ್ಟು. ಬೇಕಾದರೆ ಒಂದೂವರೆ ಮಾಡಿ, ಬತೂಲ್ ಕಾಯುತ್ತಾಳೆ. ವೃತ್ತದ ಹುಲ್ಲು ಒಣಗಲಿ, ಅದಕ್ಕೆ ಸಂಧಿವಾತವಿಲ್ಲ.

ಅಲ್ಲಿಯವರೆಗೆ ನಮ್ಮ ವ್ಯವಸ್ಥೆ ಹೀಗಿದೆ. ಸಿಹಾಮ್ ಬಚ್ಚಲ ಚಿಲಕವನ್ನೇ ಕಿತ್ತುಹಾಕಿದ್ದಾಳೆ. ಮಂಗಳವಾರ ಯಾಮ್ನಾ ಒಳಗೆ ಹೋದರೆ ನಾನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ನೀರು ಹುಯ್ದುಕೊಳ್ಳುವಷ್ಟು ಹೊತ್ತೂ ಅವಳು ಮಾತಾಡುತ್ತಲೇ ಇರಬೇಕು, ಅದು ಕರಾರು. ಹಮ್ಮಾಮಿನಲ್ಲಿ ಇವಳ ಬಾಯಿ ಒಮ್ಮೆ ಮುಚ್ಚಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದವಳು ನಾನು. ಈಗ ಅವಳು ಉಸಿರೆಳೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದರೂ ಎದ್ದು ಬಾಗಿಲು ಬಡಿಯುತ್ತೇನೆ.

ಇಂತಿ,
ವಾರಕ್ಕೆ ನಾಲ್ಕು ದಿನ ಶುಚಿಯಾಗಿರಲು ಅಪ್ಪಣೆ ಪಡೆದ, ಬಚ್ಚಲ ಬಾಗಿಲಿನ ಕಾವಲುಗಾರ್ತಿ
ಮಹ್ಜೂಬಾ, ನಿವೃತ್ತ ಭೂಗೋಳ ಶಿಕ್ಷಕಿ