ಗೋಡೆಯ ಹಿಂದಿನ ವೈರು

ನೈರೋಬಿ
11 ಜೂನ್ 2003

ಪ್ರೀತಿಯ ಮುಸೇಂಬಿ,

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಕಿಟುಯಿಯಲ್ಲಿ ನಿನ್ನ ಅಮ್ಮ ಹುಷಾರಾಗಿದ್ದಾರೆ ಎಂದುಕೊಂಡಿದ್ದೇನೆ. ನೀನು ಮನೆ ಬಿಟ್ಟು ಏಳು ತಿಂಗಳಾಯಿತು.

ಆ ದಿನದ ಮಾತು ನಿನಗೂ ನೆನಪಿರಬೇಕು. ದುರಸ್ತಿಗೆ ನಿಂತಿದ್ದ ವಿಮಾನದೊಳಗೆ ತಲೆ ತೂರಿಸಿದ್ದ ನೀನು, "ಮುಯೆನಿ, ಇಲ್ನೋಡೇ, ಇಂಧನದ ಪಂಪಿನ ವೈರು ಸವೆದುಹೋಗಿದೆ. ಗೋಡೆಯಿಂದ ಹಿಂದೆ ಇದೆ, ನಿಮ್ಮ ಕಡೇದು" ಎಂದೆ. ಎಂಜಿನ್ ಹಿಂದಿನ ತಗಡಿನ ಗೋಡೆಯಿಂದ ಮುಂದಿನ ವೈರು ನಿಮ್ಮ ಎಂಜಿನ್‌ನವರದು, ಹಿಂದಿನದು ವಿದ್ಯುತ್ ವಿಭಾಗದ ನಮ್ಮದು. ಹಿಂದಿನ ವಾರವಷ್ಟೇ ಆ ಗೆರೆಗಾಗಿ ಎರಡೂ ಕಡೆಯವರು ಕಿತ್ತಾಡಿದ್ದೆವು. ಅದೇ ಸಿಟ್ಟಿನಲ್ಲಿ ನಾನು, "ಪಂಪು ನಿಮ್ದಾದ್ಮೇಲೆ ವೈರೂ ನಿಮ್ದೇ. ಮಾಡ್ಕೊಳ್ಳಿ" ಎಂದುಬಿಟ್ಟೆ.

"ಮನೇಲೂ ಹಿಂಗೇನಾ? ಒಲೆ ಅವನ್ದು, ದೀಪ ನಿಂದಾ?" ಎಂದು ನಮ್ಮ ವಿಭಾಗದ ಹುಡುಗಿಯರು ನಕ್ಕರು. ನೀನು ನಗಲಿಲ್ಲ. ಸದ್ಯಕ್ಕೆಂದು ಟೇಪು ಸುತ್ತಿ, ವಿದ್ಯುತ್ ವಿಭಾಗ ನೋಡಬೇಕು ಎಂದು ಚೀಟಿ ಬರೆದು ನನ್ನ ಮೇಜಿನ ಮೇಲಿಟ್ಟು ಹೋದೆ.

ಮೂರನೆಯ ದಿನ ವಜೀರ್ ಊರಿಗೆ ಹೊರಟ ಆ ವಿಮಾನ ಬಿತ್ತು. ಕ್ಯಾಪ್ಟನ್ ಹಲಾಕೆ ಉಳಿಯಲಿಲ್ಲ. ಅವಶೇಷದಲ್ಲಿ ಸಿಕ್ಕಿದ್ದು ನೀನು ಸುತ್ತಿದ ಟೇಪು. ನಿನ್ನ ಪರವಾನಗಿ ಹೋಯಿತು.

ಚೀಟಿ ಬಂದೇ ಇಲ್ಲ ಎಂದು ವಿಚಾರಣೆಯಲ್ಲಿ ನಾನು ಹೇಳಿದೆ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ.

ಚೀಟಿ ಬಂದಿತ್ತು, ಮುಸೇಂಬಿ. ನಾನು ಹೋಗಿ ಕೈಹಾಕಿಯೂ ನೋಡಿದ್ದೆ. ಸವೆದ ಜಾಗ ಗೋಡೆಯಿಂದ ಒಂದು ಗೇಣು ನಮ್ಮ ಕಡೆಗೇ ಇತ್ತು. ನೀನು ಗೆದ್ದೆ ಅನ್ನಿಸಿತು. ಚೀಟಿಯನ್ನು ಹರಿದುಹಾಕಿದೆ.

ಕಳೆದ ವಾರ ವಿಚಾರಣೆ ನಡೆಸಿದ ಅಧಿಕಾರಿಯ ಬಳಿ ಹೋಗಿ ಎಲ್ಲ ಹೇಳಿದೆ. ಆತ ಚಹಾ ಕೆಳಗಿಡದೆ, "ಆ ಫೈಲು ಮುಚ್ಚಿ ಆಯ್ತಮ್ಮ. ಸತ್ತವನೇನು ಎದ್ದು ಬರ್ತಾನಾ? ಗಂಡನ ಮೇಲಿನ ಪ್ರೀತಿಗೆ ಹೀಗೆಲ್ಲ ಹೇಳ್ತಿದ್ದೀಯ, ಹೋಗು" ಎಂದ. ನಾನು ಎದ್ದು ಬಂದೆ.

ಈಗ ಯಾವ ವೈರು ಮುಟ್ಟಬೇಕಾದರೂ ಎರಡೂ ವಿಭಾಗದವರ ಸಹಿ ಬೇಕು. ಹಾಗಾಗಿ ಯಾರೂ ಮುಟ್ಟುವುದಿಲ್ಲ. ನಾಲ್ಕು ವಿಮಾನಗಳು ಬಿಸಿಲಲ್ಲಿ ನಿಂತಿವೆ.

ಬಾ ಎಂದು ಕರೆಯುವ ಮುಖ ನನಗಿಲ್ಲ. ನೀನು ಬರುವುದೂ ಇಲ್ಲ, ಗೊತ್ತು.

ನಿನ್ನ
ಮುಯೆನಿ

ಮರೆತಿದ್ದೆ: ಯಾವ ವೈರು ಯಾರದೆಂದು ತೀರ್ಮಾನಿಸಲು ಹೊಸದೊಂದು ಹುದ್ದೆ ಮಾಡಿದ್ದಾರೆ. ಅದನ್ನು ನನಗೆ ಕೊಟ್ಟಿದ್ದಾರೆ. ಅಧಿಕಾರಿಯನ್ನು ಕಾಣುವ ಹಿಂದಿನ ದಿನವೇ ಆದೇಶ ಕೈಸೇರಿತ್ತು. ಹೋಗು ಎಂದು ಆತ ಅಂದಾಗ ನಾನು ಇನ್ನೊಂದು ಮಾತು ಆಡಲಿಲ್ಲ.